ನೇರಳೆ ಗಿಟಾರಿಗೊಂದು ಟಿಕೆಟ್ಟು

2025ರ ಸೆಪ್ಟೆಂಬರ್ 19, ಶುಕ್ರವಾರ, ಮಧ್ಯಾಹ್ನ 3-10ಕ್ಕೆ ಗುತ್ತಲಿನ ಕಿಟ್ಟು ಮಂಡ್ಯದ ಠಾಣೆಗೆ ಬಂದು ದೂರು ಕೊಟ್ಟ. ವಯಸ್ಸು ಮೂವತ್ತನಾಲ್ಕು, ಕಸುಬು ಗಿಟಾರ್ ಪಾಠ. ಬೆಳಗ್ಗೆ ಹನ್ನೊಂದರಿಂದ ಒಂದರ ನಡುವೆ ಅವನ ಪಾಠದ ಕೋಣೆಯಿಂದ ಒಂದು ಎಲೆಕ್ಟ್ರಿಕ್ ಗಿಟಾರು ಹೋಗಿತ್ತು. ಇನ್‌ಸ್ಪೆಕ್ಟರ್ ಜಯಪ್ರಕಾಶ್ "ಹಳೆಯ ಗಿಟಾರು ಒಂದು" ಎಂದು ಬರೆಸಹೊರಟಾಗ ಕಿಟ್ಟು ಅಳುವುದೊಂದು ಬಾಕಿ.

"ಹಳೇದಲ್ಲ ಸಾರ್, ಅಪರೂಪದ್ದು. 1988ರಲ್ಲಿ ಜಪಾನಿನಲ್ಲಿ ಮಾಡಿದ್ದು. ಬೆರಳು ಓಡಲಿ ಅಂತಲೇ ಕುತ್ತಿಗೆ ಇಷ್ಟು ತೆಳ್ಳಗೆ ಮಾಡಿದಾರೆ. ಶ್ರೆಡ್ಡಿಂಗ್ ಅಂತಾರೆ, ಕಣ್ಣು ಮುಚ್ಚಿ ತೆರೆಯೋದ್ರಲ್ಲಿ ಹತ್ತು ಹನ್ನೆರಡು ಸ್ವರ ನುಡಿಸೋದು. ನೇರಳೆ ಬಣ್ಣ. ಇಂಥದ್ದು ಇನ್ನೊಂದು ನಾನು ನೋಡಿಲ್ಲ."

"ಬೆಲೆ?"

"ನಾಲ್ಕು ಲಕ್ಷ."

ಬರೆಯುತ್ತಿದ್ದ ಪೇದೆ ತಲೆಯೆತ್ತಿ ನೋಡಿದ. ಒಳಹೊಕ್ಕು ಕಳವು ಮಾಡಿದ್ದೆಂದು ಬಿ.ಎನ್.ಎಸ್. ಕಲಂ 331(3), 305ರ ಅಡಿ ಎಫ್‌ಐಆರ್ ದಾಖಲಾಯಿತು.

ಸಂಜೆ 4-30ಕ್ಕೆ ಸ್ಥಳ ಪಂಚನಾಮೆ. ಬೀಗ ಮುರಿದಿರಲಿಲ್ಲ. ಕೀಲಿಕೈ ಕರೆಂಟಿನ ಮೀಟರ್ ಹಿಂದೆ ಇಡುವುದು ಕಿಟ್ಟುವಿನ ರೂಢಿ. ಅದು ಅಲ್ಲೇ ಇತ್ತು. ಲ್ಯಾಪ್‌ಟಾಪು, ಉಳಿದೆರಡು ಗಿಟಾರು ಕದಲಿರಲಿಲ್ಲ. ಬರಿದಾದ ಮೊಳೆಯ ಕೆಳಗೆ, ನೆಲದ ಮೇಲೆ, ಎರಡು ವೀಳ್ಯದೆಲೆ, ಒಂದು ಅಡಿಕೆ, ಒಂದು ಚೆಂಡುಹೂವು.

"ಮರ್ಯಾದಸ್ಥ ಕಳ್ಳ. ತಾಂಬೂಲ ಕೊಟ್ಟು ಹೋಗಿದ್ದಾನೆ," ಎಂದ ಜಯಪ್ರಕಾಶ್.

ಹೆಡ್ ಕಾನ್‌ಸ್ಟೆಬಲ್ ಮಂಜುಶ್ರೀ ನಗಲಿಲ್ಲ. ಆಕೆ ಮಳವಳ್ಳಿ ಕಡೆಯವಳು. "ಕದ್ದಿದ್ದಲ್ಲ ಸಾರ್ ಇದು. ನಮ್ಮನೇಲಿ ದೊಡ್ಡೋರನ್ನ ಕರ್ಕೊಂಡು ಹೋಗೋಕೆ ಬಂದ್ರೆ ಹಿಂಗೆ ವೀಳ್ಯ ಇಡ್ತಾರೆ. ಯಾರೋ ಏನೋ ಕರ್ಕೊಂಡು ಹೋಗವ್ರೆ."

ಇನ್‌ಸ್ಪೆಕ್ಟರಿಗೆ ಆ ಮಾತು ರುಚಿಸಲಿಲ್ಲ. ನಾಲ್ಕು ಲಕ್ಷದ ಸಾಮಾನನ್ನು ಯಾರೂ ನೆಂಟರಂತೆ ಕರೆದೊಯ್ಯುವುದಿಲ್ಲ ಎಂಬುದು ಅವನ ಇಪ್ಪತ್ತು ವರ್ಷದ ಅನುಭವ. ಗಿಟಾರಿನ ಮೇಲೆ ಕಣ್ಣಿಟ್ಟವರು ಯಾರೆಂದು ಕೇಳಿದ. ಮದ್ದೂರಿನಲ್ಲಿ ಆರ್ಕೆಸ್ಟ್ರಾ ನಡೆಸುವ ಸಿದ್ದರಾಜು ಮೂರು ಸಲ ಕೊಳ್ಳಲು ಬಂದಿದ್ದನೆಂದು ಕಿಟ್ಟು ಹೇಳಿದ.

20ನೇ ತಾರೀಖು ಬೆಳಗ್ಗೆ ಹತ್ತಕ್ಕೆ ಮದ್ದೂರು. ಸಿದ್ದರಾಜು ಗೋಡೌನಿನಲ್ಲಿ ಸುಮ್ಮನೆ ಕೂತಿದ್ದ.

"ಪಿತೃಪಕ್ಸ ಅಲ್ವಾ ಸಾ, ಮದ್ವೆ ಇಲ್ಲ, ಆರ್ಕೆಸ್ಟ್ರಾನೂ ಇಲ್ಲ. ನಿನ್ನೆ ಬೆಳಗ್ಗಿಂದ ಇಲ್ಲೇ ವೈರು ಸುತ್ತತಾ ಇದ್ದೆ. ಕ್ಯಾಮೆರಾ ಐತೆ, ನೋಡ್ಕಳಿ."

ಕ್ಯಾಮೆರಾದಲ್ಲಿ ಅವನೇ ಇದ್ದ, ಇಡೀ ದಿನ. ಹೊರಡುವಾಗ ಅವನೇ ಕೇಳಿದ:

"ಯತೀಸನ ಗಿಟಾರೇ ಅಲ್ವಾ ಸಾ ಓಗಿರದು?"

"ಯಾವ ಯತೀಶ?"

"ಬೆಳಕವಾಡಿಯೋನು. ಮೊದ್ಲು ಅದು ಅವುಂದು. ಆ ಬೆರಳು ಇನ್ಯಾರಿಗೂ ಬರಕಿಲ್ಲ ಬುಡಿ. ಓದ ಕಾರ್ತೀಕದಲ್ಲಿ ಬೈಕಲ್ಲಿ ಬಿದ್ದು ಓಗ್ಬುಟ್ಟ."

ಜಯಪ್ರಕಾಶ್ ಜೀಪಿನಿಂದಲೇ ಕಿಟ್ಟುವಿಗೆ ಫೋನು ಮಾಡಿದ. "ಯತೀಶನ ವಿಷಯ ಯಾಕೆ ಹೇಳಲಿಲ್ಲ?"

"ಅವನು ನನಗೆ ಮಾರಿದ್ದ ಸಾರ್. ರಸೀದಿ ಇದೆ."

"ಅವನ ಮನೆಯವರು ಯಾರಾದ್ರೂ ಬಂದಿದ್ರಾ?"

"ಅವರಮ್ಮ ಬಂದಿದ್ರು, ಹತ್ತು ದಿನದ ಹಿಂದೆ. ಅಮಾವಾಸ್ಯೆಗೆ ಒಂದು ದಿನ ಕೊಡಪ್ಪ ಅಂದ್ರು. ಹೊಗೆ, ಎಣ್ಣೆ ತಾಕಿದ್ರೆ ಹಾಳಾಗತ್ತೆ ಅಂತ ಇಲ್ಲ ಅಂದೆ. ಅವರೆದುರಿಗೇ ಬೀಗ ಹಾಕಿ ಕೀಲಿಕೈ ಮೀಟರ್ ಹಿಂದಿಟ್ಟೆ. ಅವರನ್ನ ಕಳ್ಳರ ಪಟ್ಟೀಲಿ ಹೇಗೆ ಸೇರಿಸ್ಲಿ ಸಾರ್?"

ಮಂಡ್ಯ ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಶುಕ್ರವಾರ 12-40ಕ್ಕೆ ಹೆಂಗಸೊಬ್ಬಳು ಉದ್ದನೆಯ ಗಂಟನ್ನು ಎದೆಗವಚಿಕೊಂಡು ಮಳವಳ್ಳಿ ಬಸ್ಸು ಹತ್ತಿದ್ದಳು. 21ನೇ ತಾರೀಖು, ಭಾನುವಾರ ಮಧ್ಯಾಹ್ನ ಆ ಬಸ್ಸಿನ ಕಂಡಕ್ಟರ್ ಮುದ್ದಯ್ಯ ಸಿಕ್ಕಿದ. ಅವನಿಗೆ ಚೆನ್ನಾಗಿ ನೆನಪಿತ್ತು.

"ಹೊಸ ಪಂಚೇಲಿ ಸುತ್ತಿ ಕಿಟಕಿ ಪಕ್ಕದ ಸೀಟಲ್ಲಿ ಕೂರಿಸ್ಕಂಡಿದ್ರು ಸಾ. ಲಗೇಜು ಕೆಳಗಿಡಮ್ಮ ಅಂದೆ. ಲಗೇಜಲ್ಲ ಕಣಪ್ಪ, ಟಿಕೆಟ್ ಕೊಡು ಅಂದ್ರು. ಹೆಂಗಸ್ರಿಗೆ ಫ್ರೀ ಕಣಮ್ಮ ಅಂದೆ. ನಂಗೆ ಫ್ರೀ, ನನ್ ಮಗಂಗೆ ಫ್ರೀ ಇಲ್ವಲ್ಲ ಅಂದ್ಬುಟ್ಟು ಕಾಸು ಕೈಗಿಟ್ರು."

"ಕೊಟ್ಟೆಯಾ?"

"ಅವ್ರ ಮುಖ ನೋಡಿ ಇಲ್ಲ ಅನ್ನಕ್ಕಾಗ್ಲಿಲ್ಲ ಸಾ. ಗಂಡಸಿನ ಫುಲ್ ಟಿಕೆಟ್ಟು ಒಂದು ಹರಿದು ಕೊಟ್ಟೆ."

ಜಯಪ್ರಕಾಶ್ ಹೇಳಿಕೆಯನ್ನು ಅವನ ಮಾತಿನಲ್ಲೇ ಬರೆದುಕೊಂಡ. ಮಂಜುಶ್ರೀಯ ಕಡೆ ನೋಡಲು ಅವನಿಗೆ ಸಂಕೋಚವಾಯಿತು.

ಅಂದು ಮಹಾಲಯ ಅಮಾವಾಸ್ಯೆ. ಸಂಜೆ 5-20ಕ್ಕೆ ಜೀಪು ಬೆಳಕವಾಡಿಗೆ ಬಂದಾಗ ಯತೀಶನ ಅಪ್ಪ ಜವರಯ್ಯನ ಮನೆಯ ನಡುಮನೆಯಲ್ಲಿ ಎಡೆಗೆ ಎಲೆ ಹಾಸುತ್ತಿದ್ದರು. ಗೋಡೆಗೊರಗಿಸಿದ ಯತೀಶನ ಫೋಟೋ, ಹೊಸ ಷರಟು. ಪಕ್ಕದ ಮಣೆಯ ಮೇಲೆ ನೇರಳೆ ಗಿಟಾರು, ಮೈತುಂಬ ವಿಭೂತಿ. ಅದರ ಕಬ್ಬಿಣದ ಸಂದುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

ಯತೀಶನ ತಾಯಿ ಮಂಗಳಮ್ಮ ಅಡುಗೆಮನೆಯಿಂದ ಬಂದಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವಾಕೆ.

"ನೀವೇ ತಂದಿರಾ?"

"ನಾನೇ ತಂದೆ ಸಾ. ಸುಳ್ಯಾಕೆ ಯೋಳ್ಲಿ?"

"ಬೇರೆಯವರ ಸ್ವತ್ತು ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅದ್ನ ಈ ಮನೆಯಿಂದ ಆಚೆಗಾಕ್ಸಿದ್ದೇ ನಾನು. ಸ್ಪೀಕರ್ ಬಾಕ್ಸು ಸೇರ್ಸಿ ಬಾರ್ಸುದ್ರೆ ಬೀದಿಯೋರೆಲ್ಲ ಬಯ್ಯೋರು. ದೆವ್ವದ ಗಲಾಟೆ ಬ್ಯಾಡ ಕಣ್ಲಾ ಅಂದೆ. ಬಾಕ್ಸು ಬುಟ್ಟು ಬರೀ ತಂತೀಲಿ ಕಿಣಿಕಿಣಿ ಅನ್ನುಸ್ತಿದ್ದ, ನಾನು ಅನ್ನ ಬಸಿಯೋ ಒತ್ನಲ್ಲಿ. ಅದೂ ಬ್ಯಾಡ ಅಂದ್ಬುಟ್ಟೆ. ತಕ್ಕೊಂಡೋಗಿ ಮಾರ್ಬುಟ್ಟ. ಆಮೇಕೆ ಬಾನುವಾರ ಬಾನುವಾರ ಅದ್ನ ನೋಡಕ್ಕೆ ಗುತ್ತಲಿಗೆ ಓಗೋನು. ಅಂಗೆ ಓಗಿ ಬರೋವಾಗ್ಲೇ ಸಾ..." ಮಂಗಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಇದು ಅವ್ನ ಮೊದಲ್ನೇ ಎಡೆ. ಅದಿಲ್ದೆ ಅವ್ನು ಈ ಮನೇಗೆ ಬತ್ತಾನಾ? ಎಡೆ ಎತ್ತೋಗಂಟ ತಡೀರಿ ಸಾ. ಆಮೇಕೆ ಎಲ್ಲಿಗೆ ಕರುದ್ರೂ ಬತ್ತೀನಿ."

ಸೂರ್ಯ ಮುಳುಗಿದ ಮೇಲೆ ಹೆಂಗಸನ್ನು ಬಂಧಿಸಲು ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಜಯಪ್ರಕಾಶ್ ಗಡಿಯಾರ ನೋಡಿಕೊಂಡ. ಇನ್ನೂ ಮುಕ್ಕಾಲು ಗಂಟೆ ಹೊತ್ತಿತ್ತು. ಅವನು ಜಗುಲಿಯ ಮೇಲೆ ಕೂತು, ಜವರಯ್ಯ ತಂದುಕೊಟ್ಟ ಕಾಫಿಯನ್ನು ಜೀವಮಾನದಲ್ಲೇ ಕುಡಿಯದಷ್ಟು ನಿಧಾನವಾಗಿ ಕುಡಿದ. ಅವನಿಗೆ ತನ್ನ ಕೆಲಸದ ಮೇಲೆ ಆ ಹೊತ್ತು ಬೇಸರ ಬಂದಿತ್ತು.

"ಹೊತ್ತು ಮುಳುಗ್ತು ಸಾರ್," ಎಂದಳು ಮಂಜುಶ್ರೀ.

"ಹಾಗಾದ್ರೆ ನಾಳೆ ಬೆಳಗ್ಗೆ. ನೀನು ಇಲ್ಲೇ ಇರು."

22ನೇ ತಾರೀಖು ಬೆಳಗ್ಗೆ 7ಕ್ಕೆ ಸ್ವತ್ತು ಗುರುತಿಸಲು ಕಿಟ್ಟು ಬಂದ. ಪಂಚರ ಎದುರು ಗಿಟಾರಿನ ನಂಬರು ತಾಳೆಯಾಯಿತು. ಅವನು ಅದನ್ನು ಮುಟ್ಟಿದವನೇ ಕೈ ಹಿಂದೆಳೆದುಕೊಂಡ.

"ತೊಳೆದಿದ್ದೀರಾ?"

"ತಲೇಗೆ ನೀರಾಕ್ದೆ. ಸುದ್ದ ಮಾಡ್ದೆ ಎಡೇಗಿಡ್ತಾರೇನಪ್ಪ?"

ಕಿಟ್ಟು ತಂದಿದ್ದ ಪುಟ್ಟ ಬಾಕ್ಸಿಗೆ ವೈರು ಸಿಕ್ಕಿಸಿದ. ಚರಚರ ಸದ್ದಾಯಿತು, ಆಮೇಲೆ ಅದೂ ನಿಂತಿತು. ತಂತಿಯ ದನಿಯನ್ನು ಬಾಕ್ಸಿಗೆ ಮುಟ್ಟಿಸುವ ಒಳಗಿನ ಸುರುಳಿಗಳಿಗೆ ನೀರು ಇಳಿದಿದೆ, ಅಂಥವನ್ನು ಈಗ ಯಾರೂ ಮಾಡುವುದಿಲ್ಲ ಎಂದು ಇನ್‌ಸ್ಪೆಕ್ಟರಿಗೆ ಮೆಲ್ಲಗೆ ಹೇಳಿದ. ಅವನ ಕಣ್ಣು ತುಂಬಿತ್ತು. ಬೈಯಲು ಬಾಯಿ ತೆರೆದವನು ಫೋಟೋ ಕಡೆ ನೋಡಿದ. ವೈರು ಕಿತ್ತ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಯತೀಶ ಭಾನುವಾರಗಳಂದು ಮೊದಲು ನುಡಿಸುತ್ತಿದ್ದ ಸ್ವರಗಳ ಓಟವನ್ನು ಬರಿಯ ತಂತಿಯ ಮೇಲೆ ನುಡಿಸಿದ. ಸ್ವರಗಳು ತೆಳ್ಳಗೆ, ಒಂದರ ಮೇಲೊಂದು ಬಿದ್ದುಕೊಂಡು ಓಡಿದವು.

ಮಂಗಳಮ್ಮ ಬಾಗಿಲು ಬಿಟ್ಟು ಅವನ ಎದುರಿಗೆ ಬಂದು ಕೂತಳು.

"ಇದೇ. ಇದೇ ಕಣಪ್ಪ." ಅವಳು ಕೈಮುಗಿದಳು. "ಒಸಿ ಜೋರಾಗಿ ಬಾರ್ಸಪ್ಪ. ಯಾರ್ ಬಯ್ದ್ರೂ ಬಯ್ಕಳ್ಳಿ."

ಕಿಟ್ಟು ಇನ್‌ಸ್ಪೆಕ್ಟರನ್ನು ನೋಡಿದ, ಆಮೇಲೆ ಗಿಟಾರನ್ನು.

"ಇದು ಇಷ್ಟೇ ಅಮ್ಮ, ಇದಕ್ಕಿಂತ ಜೋರು ಬರಲ್ಲ," ಎಂದ. ಯಾಕೆಂದು ಹೇಳಲಿಲ್ಲ. ಇನ್ನೊಂದು ಸಲ ನುಡಿಸಿದ.

7-50ಕ್ಕೆ ಆಕೆಯನ್ನು ಬಂಧಿಸಲಾಯಿತು. ಠಾಣೆಗೆ ಬಂದು ಜಯಪ್ರಕಾಶ್ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣವೆಂದು "ಮಗನನ್ನು ಮನೆಗೆ ಕರೆತರಲು" ಎಂದಷ್ಟೇ ಬರೆದ. ವಶಪಡಿಸಿಕೊಂಡ ಸ್ವತ್ತುಗಳು: ಗಿಟಾರು ಒಂದು, ಹೊಸ ಪಂಚೆ ಒಂದು, ಮಂಡ್ಯದಿಂದ ಮಳವಳ್ಳಿಗೆ ಬಸ್ ಟಿಕೆಟ್ಟು, ವಯಸ್ಕ ಪುರುಷ ಒಬ್ಬ.