ನಡು ಅಂಗಳದ ಜೀಪು

"ರೋಟರ್ ಇಲ್ಲ!"

ಮೆಕ್ಯಾನಿಕ್ ಕೂಗಿದ ರಭಸಕ್ಕೆ ನನ್ನ ಕೈಯ ಸೂಜಿ ಕ್ಯಾನ್ವಾಸಿನ ಬದಲು ಹೆಬ್ಬೆರಳಿಗೇ ಹೊಕ್ಕಿತು. ಬೆಳಿಗ್ಗೆ ಒಂಬತ್ತು ಗಂಟೆ. ಹತ್ತೊಂಬತ್ತು ವರ್ಷ ಬಿಸಿಲು ಮಳೆಯಲ್ಲಿ ಬಿದ್ದಿದ್ದ ಮಿಲಿಟರಿ ಜೀಪು ಇನ್ನರ್ಧ ಗಂಟೆಯಲ್ಲಿ ಸ್ಟಾರ್ಟ್ ಆಗಬೇಕಿತ್ತು. ಈಗ ನೋಡಿದರೆ, ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆಳಗೆ ಬೋಳು ಕಡ್ಡಿ. ಅದರ ತಲೆಯ ಮೇಲೆ ಕೂತು ತಿರುಗುತ್ತ, ನಾಲ್ಕು ಸಿಲಿಂಡರಿಗೂ ಕಿಡಿ ಹಂಚುವ ಹೆಬ್ಬೆರಳಿನ ಗಾತ್ರದ ತುಂಡು ಮಾಯ.

"ನಿನ್ನೆ ಸಂಜೆ ನಾನೇ ಕೂರಿಸಿದ್ದೆ," ಎಂದ ಮೆಕ್ಯಾನಿಕ್. ಆಮೇಲೆ ಅಂಗಳದ ಆಚೆ ಬದಿಗೆ ತಿರುಗಿದ. "ಯಾರ ಕೆಲಸ ಅಂತ ನಂಗೊತ್ತು!"

ಆಚೆ ಬದಿಯಲ್ಲಿ ನಿಂತಿದ್ದವನು ಅವನ ಸ್ವಂತ ಅಣ್ಣ, ವೆಲ್ಡರ್.

ನಾನು ಜೀಪಿಗೆ ಹುಡ್, ಅಂದರೆ ಕ್ಯಾನ್ವಾಸಿನ ಮೇಲ್ಹೊದಿಕೆ, ಹೊಲಿಯಲು ಬಂದ ಟೈಲರ್, ಅಷ್ಟೇ. ಆದರೆ ಈ ಮನೆಯ ಜಗಳ ಬೀದಿಗೆಲ್ಲ ಗೊತ್ತು. ಇವರ ಅಪ್ಪ ಮಿಲಿಟರಿ ಡ್ರೈವರ್. ನಿವೃತ್ತಿಯಾದಾಗ ಹರಾಜಿನಲ್ಲಿ ಈ ಜೀಪು ಕೊಂಡು ತಂದಿದ್ದರು. ಅವರು ತೀರಿಹೋದ ಮೇಲೆ ಮನೆ ಎರಡಾಯಿತು, ಅಂಗಳವೂ ಎರಡಾಗಬೇಕಿತ್ತು. ಗೋಡೆ ಬರಬೇಕಾದ ಗೆರೆಯ ಮೇಲೆಯೇ ಜೀಪು ಅಡ್ಡ ನಿಂತಿತ್ತು. ‘ಗುಜರಿಗೆ ಹಾಕು’ ಎಂದ ಅಣ್ಣ. ‘ಅಪ್ಪನ ಗಾಡಿ ತನ್ನ ಚಕ್ರದ ಮೇಲೆ ತಾನೇ ಹೋಗಬೇಕು’ ಎಂದ ತಮ್ಮ. ಹಟಕ್ಕೆ ಬಿದ್ದವರು ಹತ್ತೊಂಬತ್ತು ವರ್ಷ ಮುಖ ತಿರುಗಿಸಿಕೊಂಡೇ ಕಳೆದರು. ಕೊನೆಗೊಂದು ಒಪ್ಪಂದವಾಯಿತು: ತಮ್ಮ ಭಾನುವಾರಗಳಲ್ಲಿ ಗಾಡಿ ರಿಪೇರಿ ಮಾಡಿ ತನ್ನ ಶೆಡ್ಡಿಗೆ ಓಡಿಸಿಕೊಂಡು ಹೋಗುವುದು, ಅದೇ ದಿನ ಗೋಡೆಗೆ ಪಾಯ ತೆಗೆಯುವುದು. ಆ ದಿನ ಇವತ್ತು. ಗಾರೆಯವನು ಆಗಲೇ ದಾರದ ಉಂಡೆ ಹಿಡಿದು ಗೇಟಿನ ಹತ್ತಿರ ಕೂತಿದ್ದ.

ಪುಣ್ಯಕ್ಕೆ ಬ್ರೇಕ್ ಸಾಹೇಬರು ಬಂದಿದ್ದರು. ವಾಹನ ತಪಾಸಣೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬ್ರೇಕ್ ತುಳಿದು ನೋಡದೆ ಯಾವ ಕಾಗದಕ್ಕೂ ಸಹಿ ಹಾಕದಿದ್ದುದರಿಂದ ಆ ಹೆಸರು. ಎಂಜಿನ್ ಸದ್ದು ಕೇಳಲು ಬಂದವರು ಈಗ ಅಂಗಿಯ ತೋಳು ಮಡಚಿದರು.

"ಬ್ಯಾಟರಿ?"

"ಇದೆ. ಮೊನ್ನೆ ತಂದ ಹೊಸದು."

"ಹಿತ್ತಾಳೆ ಸಾಮಾನು?"

"ಎಲ್ಲಾ ಇದೆ. ಆದ್ರೆ ಗುಜರಿಯವನು ನಿನ್ನೆ ಇಲ್ಲೇ ಸುತ್ತುತಾ ಇದ್ದ ಸಾಹೇಬ್ರೆ—"

"ಬ್ಯಾಟರಿ ಬಿಟ್ಟು ರೋಟರ್ ಒಯ್ಯೋ ಗುಜರಿಯವನನ್ನ ನಾನಿನ್ನೂ ನೋಡಿಲ್ಲ. ಅವನನ್ನ ಬಿಟ್ಬಿಡು." ಸಾಹೇಬರು ವೆಲ್ಡರ್ ಕಡೆ ತಿರುಗಿದರು. "ನಿಮಗೆ ಈ ಗಾಡಿ ಕಂಡ್ರೆ ಆಗಲ್ವಂತೆ?"

"ಆಗ್ತಿರ್ಲಿಲ್ಲ," ಎಂದ ಅಣ್ಣ. "ಈಗ ಇದರ ತಳ ಅರ್ಧಕ್ಕರ್ಧ ನನ್ನ ಬೆಸುಗೆ. ಕೆಡಿಸ್ಬೇಕು ಅಂತಿದ್ರೆ ಗ್ಯಾಸ್ ಕಟರ್ ಇದೆ ನನ್ ಹತ್ರ. ಆ ರೋಟರ್ರೋ ಗೀಟರ್ರೋ, ಅದು ಎಲ್ಲಿರುತ್ತೆ ಅಂತಾನೂ ನಂಗೆ ಗೊತ್ತಿಲ್ಲ."

"ಟೈಲರ್, ನೀವು?"

"ನಾನಾ?"

"ಹುಡ್ ಮುಗಿದಿಲ್ಲ. ಗಾಡಿ ಇವತ್ತೇ ಹೊರಟ್ರೆ ನೀವು ಮಾತು ತಪ್ಪಿದ ಹಾಗಾಗುತ್ತೆ."

"ಮಾತು ತಪ್ಪೋಕೆ ಕಳ್ಳತನ ಬೇಕಾ ಸಾಹೇಬ್ರೆ? ನಂಗೆ ಅಭ್ಯಾಸ ಇದೆ."

ಯಾರೂ ನಗಲಿಲ್ಲ. ಅಷ್ಟರಲ್ಲಿ ವೆಲ್ಡರನ ಹೆಂಡತಿ ಚಹಾ ತಂದರು. ಬೀದಿಗೆಲ್ಲ ಅವರು ಅತ್ತಿಗೆಯೇ. ಲೋಟಗಳನ್ನು ಮಡ್‌ಗಾರ್ಡಿನ ಮೇಲಿಟ್ಟು, "ಆ ಮುಚ್ಚಳ ಮುಚ್ಚಿಡಿ, ಒಳಗೆ ಧೂಳು ಕೂರುತ್ತೆ" ಎಂದರು. ಮೆಕ್ಯಾನಿಕ್ ಸುಮ್ಮನೆ ಮುಚ್ಚಿದ. ಚಹಾ ತರುವವರ ಮಾತಿಗೆ ನಾವು ಕೊಡುವ ಬೆಲೆ ಅಷ್ಟೇ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

"ಮೊದಲಿಂದ ಹೇಳು," ಎಂದರು ಸಾಹೇಬರು. "ಮೊದಲ ಭಾನುವಾರ ಬಾನೆಟ್ ಎತ್ತಿದಾಗ ಏನೇನಿತ್ತು?"

"ಏನಿರ್ಲಿಲ್ಲ ಅಂತ ಕೇಳಿ! ಏರ್ ಫಿಲ್ಟರಲ್ಲಿ ಇಲಿಗೂಡು. ತಳದ ತೂತಿಂದ ಒಂದು ಗಿಡ ಎದ್ದು ಸೀಟಿಗೆ ಒರಗಿಕೊಂಡಿತ್ತು. ಎಂಜಿನ್ ಜಾಮ್. ಪ್ಲಗ್ ಬಿಚ್ಚಿ ಸೀಮೆಎಣ್ಣೆ, ಆಯಿಲ್ ಬೆರೆಸಿ ಸುರಿದು ನಾಲ್ಕು ವಾರ ಬಿಟ್ಟೆ. ಐದನೇ ವಾರ ನಾನೂ ಅಣ್ಣನೂ ಇಬ್ರೂ ಹ್ಯಾಂಡಲ್ ಹಿಡಿದು ಜಗ್ಗಿದ್ವಿ. ಕಾಲು ಸುತ್ತು ತಿರುಗಿತು."

ಅವತ್ತು ನಾನೂ ಅಲ್ಲಿದ್ದೆ. ಕಾಲು ಸುತ್ತಿಗೇ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು.

"ಡಿಸ್ಟ್ರಿಬ್ಯೂಟರ್ ಹೇಗಿತ್ತು?"

"ಅದೊಂದು ಚೆನ್ನಾಗಿತ್ತು. ವೈರು, ಪಾಯಿಂಟು ಎಲ್ಲಾ ಸರಿ. ರೋಟರ್ ಮಾತ್ರ ಇರ್ಲಿಲ್ಲ. ಯಾರೋ ಎತ್ತಿದ್ದಾರೆ ಅಂದ್ಕೊಂಡು ಎರಡು ತಿಂಗಳು ಹುಡುಕಿಸಿ ಒಂದು ಹಳೇದು ತರಿಸಿದ್ದೆ. ಅದೇ ಹೋಯ್ತಲ್ಲ ಈಗ!"

"ಅವತ್ತೂ ರೋಟರ್ ಇರ್ಲಿಲ್ಲ?"

"ಇರ್ಲಿಲ್ಲ."

"ಮುಚ್ಚಳದ ಕ್ಲಿಪ್ಪು?"

"ಎರಡೂ ಹಾಕಿತ್ತು."

"ಇವತ್ತು?"

"ಇವತ್ತೂ ಹಾಕಿತ್ತು."

ಸಾಹೇಬರು ಲೋಟ ಕೆಳಗಿಟ್ಟರು. "ಎಲ್ರೂ ಇವತ್ತಿನ ಕಳ್ಳನ್ನ ಹುಡುಕ್ತಿದ್ದೀವಿ. ಹತ್ತೊಂಬತ್ತು ವರ್ಷದ ಹಿಂದೆ ಅದೇ ತುಂಡು, ಅದೊಂದೇ ತುಂಡು ಯಾಕೆ ಹೋಯ್ತು ಅಂತ ಯಾರೂ ಕೇಳ್ಲಿಲ್ಲ. ಕದ್ದವನು ಕ್ಲಿಪ್ ಹಾಕಿ ಹೋಗ್ತಾನಾ? ಹಾಕೋನು ಗಾಡಿ ಯಜಮಾನ. ಆ ಕಾಲದ ಜೀಪಿಗೆ ಬೀಗದ ಕೈ ಇರ್ಲಿಲ್ಲ, ಸ್ವಿಚ್ ತಿರುಗಿಸಿದ್ರೆ ಯಾರು ಬೇಕಾದ್ರೂ ಓಡಿಸ್ಬಹುದು. ಅದಕ್ಕೇ ಮಿಲಿಟರಿ ಡ್ರೈವರ್‌ಗೆ ಒಂದು ಪಾಠ: ಗಾಡಿ ಬಿಟ್ಟು ಹೋಗುವಾಗ ರೋಟರ್ ಕಿತ್ತು ಜೇಬಿಗೆ ಹಾಕ್ಕೋ. ನಿಮ್ಮಪ್ಪ ಕೊನೇ ಸಲ ಗಾಡಿ ನಿಲ್ಲಿಸಿದಾಗ್ಲೂ ಅದನ್ನೇ ಮಾಡಿದಾರೆ."

"ನಾವು ಒಂದು ದಿನಾನೂ ನೋಡಿಲ್ವಲ್ಲ?" ಎಂದ ಅಣ್ಣ.

"ಸಂಜೆ ಹೊತ್ತು ಎಲ್ಲಿರ್ತಿದ್ರಿ ಆಗ?"

"ನಂದು ಫ್ಯಾಕ್ಟರೀಲಿ ಎರಡನೇ ಪಾಳಿ. ಇವನು ಬೇರೆ ಊರಲ್ಲಿ ಕೆಲಸ ಕಲೀತಿದ್ದ."

"ಹಾಗಾದ್ರೆ ಮನೇಲಿ ಯಾರಿರ್ತಿದ್ರು? ಆ ತುಂಡನ್ನ ಅವರು ಯಾರ ಕೈಗೆ ಕೊಡ್ತಿದ್ರು?" ಸಾಹೇಬರ ದನಿ ತಗ್ಗಿತು. "ಅದನ್ನ ಕೀಳೋಕೆ ಸ್ಪ್ಯಾನರ್ ಬೇಡ, ಎರಡು ಬೆರಳು ಸಾಕು. ನಾವು ಸ್ಪ್ಯಾನರ್ ಹಿಡಿದವರನ್ನೇ ನೋಡ್ತಾ ಕೂತ್ವಿ. ಅಮ್ಮಾ, ಮುಚ್ಚಳ ತೆರೆದಿಟ್ರೆ ಧೂಳು ಕೂರುತ್ತೆ ಅಂತ ನಿಮಗೆ ಹೇಳಿಕೊಟ್ಟಿದ್ದು ನಿಮ್ಮ ಮಾವ ತಾನೆ? ತೆಗೆದವರು ನೀವೇ."

ಅತ್ತಿಗೆ ಒಳಗೆ ಹೋಗಿ ಬಂದು ಅಂಗೈ ಚಾಚಿದರು. ಅದರಲ್ಲಿ ಎರಡು ರೋಟರ್. ಒಂದು ಮೆಕ್ಯಾನಿಕ್ ತರಿಸಿದ್ದು. ಇನ್ನೊಂದು, ಎಣ್ಣೆ ಕುಡಿದ ಬಟ್ಟೆಯಲ್ಲಿ ಸುತ್ತಿದ್ದು.

"ದಿನಾ ಸಂಜೆ ಕೈಗೆ ಕೊಟ್ಟು ‘ಜೋಪಾನ ಕಣಮ್ಮಾ’ ಅನ್ನೋರು. ಬೆಳಿಗ್ಗೆ ಇಸ್ಕೊಳ್ಳೋರು. ಕೊನೇ ಸಲ ಕೊಟ್ಟ ಮಾರನೇ ದಿನ ಆಸ್ಪತ್ರೆಗೆ ಹೋದೋರು ಇಸ್ಕೊಳ್ಳೋಕೆ ಬರ್ಲೇ ಇಲ್ಲ," ಎಂದರು. "ಈ ಬಟ್ಟೇಲಿರೋದು ಕದ್ದಿದ್ದಲ್ಲ. ಆ ಇನ್ನೊಂದು ಕದ್ದಿದ್ದೇ."

"ಯಾಕೆ ಅತ್ತಿಗೆ? ನಂಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ ಮೆಕ್ಯಾನಿಕ್.

"ಯಾರಿಗೆ ಹೇಳ್ಲಿ? ಈ ಗಾಡಿ ಅಡ್ಡ ಇದ್ದಿದ್ದಕ್ಕೆ ಇಷ್ಟು ವರ್ಷ ಗೋಡೆ ಬರ್ಲಿಲ್ಲ. ಹದಿನಾಲ್ಕು ಭಾನುವಾರ ಇಬ್ರೂ ಇದರ ಕೆಳಗೆ ಮಲಗಿ ಮಾತಾಡಿದ್ರಿ. ‘ಅಣ್ಣಾ, ಇದನ್ನ ಹಿಡ್ಕೋ.’ ‘ಲೋ, ಕೈ ಹುಷಾರು.’ ಅಡುಗೆಮನೆ ಕಿಟಕೀಲಿ ನಿಂತು ಒಂದೊಂದೂ ಕೇಳಿಸ್ಕೊಂಡಿದೀನಿ. ಗಾಡಿ ಹೊರಟ ಮೇಲೆ ನೀವು ಯಾವ ನೆಪಕ್ಕೆ ಮಾತಾಡ್ತೀರಿ?" ಅವರು ಅಂಗೈಯನ್ನು ಇನ್ನಷ್ಟು ಮುಂದೆ ಚಾಚಿದರು. "ತಗೊಳ್ಳಿ. ಇನ್ನು ತಡೆಯಲ್ಲ."

ಮೆಕ್ಯಾನಿಕ್ ಬಟ್ಟೆಯಲ್ಲಿದ್ದುದನ್ನೇ ಎತ್ತಿಕೊಂಡು, ಕೂರಿಸಿ, ಕ್ಲಿಪ್ ಹಾಕಿದ. ಮೂರನೇ ಸಲಕ್ಕೆ ಎಂಜಿನ್ ಕೆಮ್ಮಿ, ಕಪ್ಪು ಹೊಗೆ ಉಗುಳಿ, ಹಿಡಿದುಕೊಂಡಿತು. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ಆಗ ಸುಳ್ಳು ಹೇಳಿದೆ.

"ಹತ್ತಣ್ಣ," ಎಂದ ತಮ್ಮ.

ಅಣ್ಣ ಹತ್ತಿದ. ಜೀಪು ಗೇಟು ದಾಟಿತು. ಅದು ನಿಂತಿದ್ದ ಜಾಗದಲ್ಲಿ ಬಿಳಿಚಿದ ಮಣ್ಣು ಉಳಿಯಿತು. ಗಾರೆಯವನು ಎದ್ದು ಬಂದು ಗೂಟ ಹೊಡೆಯಲು ನೋಡಿದ. ಅತ್ತಿಗೆ ಸರಿಯಾಗಿ ಗೆರೆಯ ಮೇಲೆ ನಿಂತಿದ್ದರು.

"ಸ್ವಲ್ಪ ಸರ್ಕೊಳ್ಳಿ ಅಮ್ಮ."

ಅವರು ಕದಲಲಿಲ್ಲ. ಸಾಹೇಬರೂ ನಾನೂ ಬೀದಿ ನೋಡುತ್ತ ನಿಂತೆವು. ಹತ್ತು ನಿಮಿಷ. ಇಪ್ಪತ್ತು. ತಮ್ಮನ ಶೆಡ್ಡಿಗೆ ಇರುವುದು ಎರಡೇ ನಿಮಿಷದ ದಾರಿ.

ಮತ್ತೆ ಎಂಜಿನ್ ಸದ್ದು ಕೇಳಿಸಿತು. ಮಸಿ ಹಿಡಿದ ಮುಖದಲ್ಲಿ ಅಣ್ಣ ತಮ್ಮ ಇಬ್ಬರೂ ವಾಪಸು ಬಂದರು. ಈಗ ಓಡಿಸುತ್ತಿದ್ದವನು ಅಣ್ಣ.

"ದಾರ ಸುತ್ತಿಬಿಡಪ್ಪ," ಎಂದ ಅವನು ಗಾರೆಯವನಿಗೆ. "ಗೋಡೆ ಬೇಡ. ಇಲ್ಲಿ ನಾಲ್ಕು ಕಂಬ ಎಬ್ಬಿಸು, ಮೇಲೆ ತಗಡು ಹಾಕೋಣ. ಇದು ಇನ್ನು ನೆನೆಯೋದು ಬೇಡ."

"ಕಂಬ ಅಡುಗೆಮನೆ ಕಿಟಕಿಗೆ ಅಡ್ಡ ಬರ್ಬಾರ್ದು," ಎಂದು ಸೇರಿಸಿದ ತಮ್ಮ.

ಆಗ ಅತ್ತಿಗೆ ಸರಿದು ನಿಂತರು.