ಏಳನೇ ಕೌಂಟರಿನ ಪ್ರಿಂಟರ್

"ರೀ, ಕಿವಿ ಕೇಳಿಸಲ್ವಾ ನಿಮಗೆ?"

ಅವಳು ಕಿರುಚಿದ ರಭಸಕ್ಕೆ ಸಾಲಿನಲ್ಲಿದ್ದ ನಲವತ್ತು ಜನರೂ ತಿರುಗಿ ನೋಡಿದರು.

ವಿಮಾನ ನಿಲ್ದಾಣದ ಏಳನೇ ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಪ್ರಿಂಟರ್ ಕೈಕೊಟ್ಟಿತ್ತು. ಬೆಳಗಿನಿಂದ ಕೌಂಟರಿನ ಹಿಂದೆ ನಿಂತೇ ಇದ್ದ ಅವಳ ಕಾಲು ಊದಿ, ಶೂ ಕಚ್ಚುತ್ತಿತ್ತು. ಒಂದೊಂದು ಪಾಸನ್ನೂ ಕೈಯಲ್ಲೇ ಬರೆಯಬೇಕು... ಹೆಸರು, ವಿಮಾನದ ನಂಬರು, ಸೀಟು.

ಪಕ್ಕದಲ್ಲೇ ಮಂಡಿಯೂರಿ ಪ್ರಿಂಟರ್ ಬಿಚ್ಚುತ್ತಿದ್ದ ಮೆಕ್ಯಾನಿಕ್‌ನನ್ನು ಮೂರು ಸಲ ಕೇಳಿದ್ದಳು, ಎಷ್ಟು ಹೊತ್ತಾಗುತ್ತೆ ಎಂದು. ಅವನು ತಲೆಯನ್ನೂ ಎತ್ತಿರಲಿಲ್ಲ!

'ಎಷ್ಟು ಸೊಕ್ಕು!'

ಶಿಫ್ಟ್ ಮುಗಿದದ್ದೇ ದೂರು ಬರೆದುಕೊಟ್ಟಳು. ಮರುದಿನವೇ ಅವನನ್ನು ನೆಲಮಾಳಿಗೆಯ ಲಗೇಜ್ ಬೆಲ್ಟಿಗೆ ಹಾಕಿದರು.

ಆಮೇಲೆ ಪ್ರಿಂಟರ್ ದಿನಕ್ಕೆರಡು ಸಲ ನಿಲ್ಲತೊಡಗಿತು.

"ಮುಂಚೆ ಇಷ್ಟು ಕೆಡ್ತಿರಲಿಲ್ಲ ಅಲ್ವಾ ಅಕ್ಕಾ?" ರಜೆ ಮುಗಿಸಿ ಬಂದಿದ್ದ ಆರನೇ ಕೌಂಟರಿನವಳನ್ನು ಕೇಳಿದಳು.

"ಹೇಗೆ ಕೆಡುತ್ತೆ? ದಿನಾ ನೀನು ಬರೋಕೆ ಮುಂಚೆ ಆ ಮೆಕ್ಯಾನಿಕ್ ಕ್ಲೀನ್ ಮಾಡಿಟ್ಟು ಹೋಗ್ತಿದ್ದ. ನಿಂದೊಂದನ್ನೇ! ಅವನ ಮೇಲೆ ದೂರು ಕೊಟ್ಯಂತೆ? ಎಡಗಿವಿ ಕೇಳಿಸಲ್ಲ ಕಣೇ ಅವನಿಗೆ. ವಿಮಾನದ ಇಂಜಿನ್ ಸದ್ದಲ್ಲಿ ಎಂಟು ವರ್ಷ ದುಡಿದು ಕಿವಿ ಹೋಯ್ತು."

ಅವಳ ಪೆನ್ನು ಯಾರದೋ ಅರ್ಧ ಹೆಸರಿನ ಮೇಲೆ ನಿಂತುಬಿಟ್ಟಿತು. ಅವತ್ತು ಅವನ ಎಡಗಡೆಗೇ ನಿಂತು ಕೂಗಿದ್ದಳು...

ಮೊದಲು ಮ್ಯಾನೇಜರ್ ಬಳಿ ಹೋಗಿ ದೂರು ಹಿಂತೆಗೆದುಕೊಂಡಳು. ಊಟದ ಬಿಡುವಿನಲ್ಲಿ ನೆಲಮಾಳಿಗೆಗೆ ಇಳಿದಳು. ಬೆಲ್ಟುಗಳ ಗದ್ದಲದಲ್ಲಿ ಅವನ ಬಲಗಡೆಗೆ ಹೋಗಿ ನಿಂತಳು.

"ತಪ್ಪು ನಂದು. ನಾಳೆಯಿಂದ ಮೇಲೇ ಬರ್ಬೇಕಂತೆ ನೀವು... ಅವತ್ತೇ ಯಾಕೆ ಹೇಳಲಿಲ್ಲ?"

ಅವನು ಕೈ ಒರೆಸಿಕೊಂಡ. "ಹೇಳಿದ್ರೆ 'ಅಯ್ಯೋ ಪಾಪ' ಅಂತಿದ್ರಿ. ನಿಮ್ಮಿಂದ ಅದನ್ನ ಕೇಳೋದಕ್ಕಿಂತ ಬೈಸ್ಕೊಳ್ಳೋದೇ ವಾಸಿ ಅನ್ನಿಸ್ತು."

"ನನ್ನ ಕೌಂಟರ್ ಒಂದೇ ಯಾಕೆ?"

ಅವನು ಪಕ್ಕದಲ್ಲಿದ್ದ ಸ್ಪ್ಯಾನರನ್ನು ಎತ್ತಿ ಪೆಟ್ಟಿಗೆಯೊಳಗಿಟ್ಟ.

"ಒಂದ್ಸಲ ಕರೆಂಟ್ ಹೋಗಿತ್ತು. ಎಲ್ರೂ ಗೀಚಿ ಕೊಡ್ತಿದ್ರು. ನೀವು ಮಾತ್ರ ಅಷ್ಟು ಸುಸ್ತಲ್ಲೂ ವಯಸ್ಸಾದವರಿಗೆ ಸೀಟ್ ನಂಬರ್ ದೊಡ್ಡದಾಗಿ, ಎರಡೆರಡು ಸಲ ತಿದ್ದಿ ಬರೀತಿದ್ರಿ... ಅವತ್ತೇ ನನ್ನ ಮನಸ್ಸು ನಿಮ್ಮ ಹತ್ರ ಉಳಿದುಹೋಯ್ತು."

ಅವಳ ಕಣ್ಣು ತುಂಬಿ ಬಂತು. ತನ್ನನ್ನು ಯಾರಾದರೂ ನೋಡುತ್ತಾರೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

"ತುಂಬಾ ಸುಸ್ತಾಗಿದೆ ರೀ..." ಎಂದಳು.

ಅವನು ಖಾಲಿ ಟ್ರಾಲಿಯೊಂದನ್ನು ಎಳೆದು ತಂದ. "ಕೂತ್ಕೊಳ್ಳಿ."

"ಎಷ್ಟು ಹೊತ್ತು?"

"ಎದ್ದು ಹೋಗ್ಬೇಕು ಅನ್ನಿಸೋ ತನಕ."

"ಅನ್ನಿಸದೇ ಇದ್ರೆ?"

ಅವನು ಮೊದಲ ಸಲ ನಕ್ಕ. "ಹಾಗಾದ್ರೆ ಸ್ವಲ್ಪ ಸರೀರಿ... ನಾನೂ ಕೂತ್ಕೋತೀನಿ."