ಸಹಿ ಬಿದ್ದ ಬಾಟಲಿ

ನನ್ನ ತಲೆ ಕೆಳಗಿತ್ತು. ಕಾಲು ಮೇಲಿತ್ತು.

ಆ ಎರಡು ಕಾಲನ್ನೂ ಹಿಡಿದಿದ್ದವನು ಗೂಳಿ ಎಂಬ ದಾಂಡಿಗ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದೀತು, ವಿಚಾರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ! ನನ್ನ ಮೂಗಿನಿಂದ ಮೂರೇ ಅಡಿ ಕೆಳಗೆ ಬಟ್ಟೆಗೆ ಬಣ್ಣ ಹಾಕುವ ಫ್ಯಾಕ್ಟರಿಯ ಕೊಳಕು ನೀರಿನ ತೊಟ್ಟಿ. ನೇರಳೆ ಬಣ್ಣ, ಬಿಸಿ ಹಬೆ, ಕೊಳೆತ ಮೊಟ್ಟೆಯ ನಾತ...

"ಸಾರ್, ಬಿಟ್‌ಬಿಡ್ಲಾ?" ಗೂಳಿ ಕೇಳಿದ.

"ಏಯ್! ಸರ್ಕಾರಿ ಅಧಿಕಾರಿ ಕಣಯ್ಯಾ. ಮರ್ಯಾದೆಯಿಂದ ಹಿಡ್ಕೋ!" ಎಂದರು ಮ್ಯಾನೇಜರ್.

ಎಂಥ ಸಂಸ್ಕಾರ ನೋಡಿ!

ನಾನು ಮಾಲಿನ್ಯ ನಿಯಂತ್ರಣ ಇಲಾಖೆಯವನು. ಈ ತೊಟ್ಟಿಯ ನೀರು ಒಂದು ಕೊಳವೆಯಲ್ಲಿ ಕೆರೆಗೆ ಹೋಗುತ್ತದೆ. ಕೆರೆಯ ನೀರು ನನ್ನ ಅಕ್ಕನ ಮನೆಯ ನಲ್ಲಿಗೆ ಬರುತ್ತದೆ. ಬೆಳಿಗ್ಗೆಯೇ ಅಕ್ಕನ ಫೋನು.

"ಲೋ, ಪಾಪು ಮೈಯೆಲ್ಲಾ ಗುಳ್ಳೆ ಕಣೋ! ನಿನ್ನ ಇಲಾಖೆ ಸತ್ತಿದ್ಯಾ, ಬದುಕಿದ್ಯಾ?"

ಸಂಜೆ ಐದರವರೆಗೆ ಬದುಕಿತ್ತು. ಫ್ಯಾಕ್ಟರಿಯವರು ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕಿ ಅಂದಿಗೆ ನಾಲ್ಕು ತಿಂಗಳು. ಅಷ್ಟರೊಳಗೆ ನಾವು ಆದೇಶ ಹೊರಡಿಸದಿದ್ದರೆ ಪರವಾನಗಿ ಕೊಟ್ಟಂತೆಯೇ! ಐದು ವರ್ಷ ಯಾರೂ ಕೇಳುವಂತಿಲ್ಲ. ಫೈಲು ಯಾರದೋ ಮೇಜಿನಡಿ ಗೊರಕೆ ಹೊಡೆದು, ಹಿಂದಿನ ದಿನವಷ್ಟೇ ಎದ್ದು ನನ್ನ ಹತ್ತಿರ ಬಂದಿತ್ತು. ಅರ್ಜಿ ತಿರಸ್ಕರಿಸಬೇಕೆಂದರೆ ನೀರು ಕೆಟ್ಟಿದೆ ಎಂಬ ಪ್ರಯೋಗಾಲಯದ ವರದಿ ಬೇಕು.

ನಾನು ಜೋರಾಗಿ ಒದ್ದೆ.

ಗೂಳಿಯ ಹಿಡಿತ ಜಾರಿತು. ನಾನು ಬಿದ್ದದ್ದು ತೊಟ್ಟಿಯ ಕಟ್ಟೆಯ ಮೇಲೆ, ಪುಣ್ಯ! ಗೂಳಿ ಹಿಡಿಯುವ ಮುಂಚೆ ನಾನು ಸ್ಯಾಂಪಲ್ ತುಂಬಿ ಅಲ್ಲೇ ಇಟ್ಟಿದ್ದ ಎರಡು ಬಾಟಲಿ ಎದೆಗವಚಿಕೊಂಡು ಓಡಿದೆ. ಬಟ್ಟೆ ಸುರುಳಿಗಳ ನಡುವೆ ನುಗ್ಗಿದೆ... ಬಾಯ್ಲರ್ ದಾಟಿದೆ... ಗೇಟು ಕಂಡಿತು.

ಗೇಟಿಗೆ ಬೀಗವೂ ಕಂಡಿತು.

ಗೂಳಿ ಬಾಟಲಿ ಕಿತ್ತುಕೊಂಡು ಬೂಟಿನಲ್ಲಿ ಹೊಸಕಿದ. ಏದುಸಿರು ಬಿಡುತ್ತಾ ಬಂದ ಮ್ಯಾನೇಜರ್ ಕೈಯಲ್ಲಿ ಬೇರೆ ಎರಡು ಬಾಟಲಿ.

"ಕಾನೂನಿಗೆ ನಾವು ತಲೆ ಬಾಗೋರು ಕಣ್ರೀ. ತಗೊಳ್ಳಿ ಸ್ಯಾಂಪಲ್. ನಮ್ಮ ಹೊರಕೊಳವೆ ನೀರು. ಸೀಲ್ ಆಗಿದೆ, ನನ್ನ ಸಹಿ ಇದೆ."

"ಇದು ಕ್ಯಾಂಟೀನ್ ನೀರು!"

"ಸಹಿ ನೋಡ್ರೀ, ಸಹಿ! ತಗೊಂಡು ಹೋಗ್ತೀರೋ, ಇಲ್ಲಾ ತೊಟ್ಟಿಗೆ ಹೋಗ್ತೀರೋ?"

ತಗೊಂಡೆ. ನನಗೇನು ತಲೆ ಕೆಟ್ಟಿತ್ತೇ?

ಪ್ರಯೋಗಾಲಯ ನಮ್ಮ ಆಫೀಸಿನ ಕೆಳಮಹಡಿಯಲ್ಲೇ. ಅಲ್ಲಿನ ಕೆಮಿಸ್ಟ್ ಮೇಡಂ ಪರೀಕ್ಷೆ ಮುಗಿಸಿದಾಗ ನಾಲ್ಕೂ ಇಪ್ಪತ್ತು.

"ನಮ್ಮನೇಲಿ ಕುಡಿಯೋ ನೀರೂ ಇಷ್ಟು ಚೆನ್ನಾಗಿಲ್ಲ ಕಣ್ರೀ!"

"ಮೋಸ ಮೇಡಂ. ಕಂಪ್ಲೇಂಟ್ ಕೊಟ್ರೆ?"

"ಕೊಡಿ. ವಿಚಾರಣೆಗೆ ಎರಡು ವರ್ಷ. ಪರವಾನಗಿಗೆ ನಲವತ್ತು ನಿಮಿಷ."

ನನಗೆ ಅಳು ಬಂತು. ನಿಜವಾಗಿಯೂ ಬಂತು. ಪಾಪುವಿನ ಮೈಮೇಲಿನ ಗುಳ್ಳೆ ನೆನಪಾಗಿತ್ತು.

ಮೇಡಂ ಬಾಟಲಿಯನ್ನು ಬೆಳಕಿಗೆ ಹಿಡಿದು ಗೊಣಗಿದರು. "ಇಂಥ ಬಂಗಾರದಂಥ ನೀರನ್ನ ಕೆರೆಗೆ ಸುರೀತೀವಿ ಅಂತಾರಲ್ಲ, ಇವರೇ ಬಳಸ್ಕೋಬಾರ್ದಾ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ!

ಮೇಲೆ ಓಡಿದೆ. ಆದೇಶ ಟೈಪ್ ಮಾಡಿದೆ. 'ಮ್ಯಾನೇಜರರೇ ಸಹಿ ಮಾಡಿ ಕೊಟ್ಟ ಮಾದರಿಯಂತೆ ಹೊರಬಿಡುವ ನೀರು ಅತ್ಯಂತ ಶುದ್ಧವಾಗಿದೆ. ಇಂಥ ನೀರನ್ನು ವ್ಯರ್ಥ ಮಾಡಲು ಅನುಮತಿ ಇಲ್ಲ. ಪೂರ್ತಿ ನೀರನ್ನು ಫ್ಯಾಕ್ಟರಿಯಲ್ಲೇ ಮರುಬಳಸತಕ್ಕದ್ದು. ಒಂದು ಹನಿಯೂ ಆವರಣ ದಾಟಕೂಡದು. ಹೊರಕೊಳವೆಯನ್ನು ಕಾಂಕ್ರೀಟ್ ಹಾಕಿ ಮುಚ್ಚತಕ್ಕದ್ದು.'

ಸಹಿ, ಮೊಹರು, ರವಾನೆ. ನಾಲ್ಕೂ ಐವತ್ತೆರಡು!

ಮರುದಿನ ಪೊಲೀಸರ ಕಾವಲಿನಲ್ಲಿ ಕೊಳವೆಗೆ ಕಾಂಕ್ರೀಟ್ ಬಿತ್ತು. ಮಧ್ಯಾಹ್ನಕ್ಕೆ ಮ್ಯಾನೇಜರ್ ಫೋನು.

"ರೀ, ತೊಟ್ಟಿ ತುಂಬಿ ಬರ್ತಿದೆ! ಈ ನೀರನ್ನ ಏನ್ ಮಾಡ್ಲಿ?"

"ಶುದ್ಧ ಮಾಡೋ ಯಂತ್ರ ಇದೆಯಲ್ಲ ಸಾರ್?"

"ಅದನ್ನ ಆರು ವರ್ಷದಿಂದ ಓಡ್ಸಿಲ್ಲ ಕಣ್ರೀ!"

"ಓಡ್ಸಿ. ಇಲ್ಲಾ ಫ್ಯಾಕ್ಟರಿ ನಿಲ್ಸಿ."

"ನಿಮ್ಮ ಆರ್ಡರ್ ರದ್ದು ಮಾಡಿಸ್ತೀನಿ!"

"ಕೋರ್ಟು ಕಚೇರಿ ಯಾಕೆ ಸಾರ್? 'ನಾನು ಕೊಟ್ಟಿದ್ದು ಕ್ಯಾಂಟೀನ್ ನೀರು' ಅಂತ ಒಂದು ಕಾಗದ ಬರೆದು ಸಹಿ ಹಾಕಿ ಕಳಿಸಿ. ನಾನೇ ರದ್ದು ಮಾಡ್ತೀನಿ."

ಫೋನು ಇಟ್ಟರು. ಸಂಜೆಗೆ ಯಂತ್ರ ಓಡತೊಡಗಿತು.

ಇದೆಲ್ಲ ನಡೆದು ಎಂಟು ತಿಂಗಳಾಯಿತು. ಪಾಪುವಿನ ಮೈ ಈಗ ನುಣ್ಣಗಿದೆ. ನಾನು ಮಾತ್ರ ಆ ಕಾಗದಕ್ಕೆ ಇನ್ನೂ ಕಾಯುತ್ತಿದ್ದೇನೆ... ಅಂಚೆಯಲ್ಲಿ ತಡವಾಗಿರಬೇಕು, ಪಾಪ!